ಬಿರುಕಿಗೆ ಮದ್ದಾದ ಚಿತ್ತಾರ

ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಮಾಂಸದಂಗಡಿಗಳಲ್ಲಿ ಕತ್ತಿಯ ಏಟು ತಿನ್ನುವುದು ಮರದ ಕೊರಡು, ಅದರಲ್ಲೂ ಹುಣಸೆಯ ಕೊರಡು. ದಪ್ಪ ಕಾಂಡವನ್ನು ಅಡ್ಡಕ್ಕೆ ಕೊಯ್ದು, ಮರವಾಗಿದ್ದಾಗ ಹೇಗೆ ನಿಂತಿತ್ತೋ ಹಾಗೆಯೇ ನಿಲ್ಲಿಸಿದ ದಿಮ್ಮಿ ಅದು. ಬ್ರಿಟಿಷರ ಕಾಲದಲ್ಲಿ, 1927ರಲ್ಲಿ ಕಟ್ಟಿ 1933ರಲ್ಲಿ ಉದ್ಘಾಟನೆಯಾದ ಈ ಮಾರುಕಟ್ಟೆಯಲ್ಲಿ ದೀಪ ಬದಲಾಗಿದೆ, ತಕ್ಕಡಿ ಬದಲಾಗಿದೆ, ದುಡ್ಡು ಕೊಡುವ ರೀತಿಯೂ ಬದಲಾಗಿದೆ; ಕೊರಡಿನ ಜಾಗಕ್ಕೆ ಮಾತ್ರ ಅದಕ್ಕಿಂತ ವಾಸಿಯಾದದ್ದು ಇನ್ನೂ ಬಂದಿಲ್ಲ. ಅಲ್ಲಿಂದ ಹಲಸೂರು ಹಾದು ಇಂದಿರಾನಗರಕ್ಕೆ ಬಂದರೆ, ಮನೆ ಅಲಂಕಾರದ ಅಂಗಡಿಗಳಲ್ಲಿ ಅದೇ ಕೊರಡಿನ ಮರಿಮಕ್ಕಳು ಕೂತಿರುತ್ತವೆ: ಕಪ್ಪು, ಕಂದು, ಹೊಂಬಣ್ಣದ ಚಿಕ್ಕ ಚೌಕಗಳನ್ನು ಚದುರಂಗದ ಮನೆಗಳಾಗಿ, ಇಟ್ಟಿಗೆ ಸಾಲಾಗಿ, ಕಣ್ಣಿಗೆ ಘನಾಕೃತಿಯ ಭ್ರಮೆ ಹುಟ್ಟಿಸುವ ವಜ್ರಾಕಾರಗಳಾಗಿ ಜೋಡಿಸಿ ಅಂಟಿಸಿದ ಕಟಿಂಗ್ ಬೋರ್ಡುಗಳು. ಬೆಲೆಯ ಚೀಟಿ ನೋಡಿದವರು ಈರುಳ್ಳಿ ಹೆಚ್ಚಲು ಇಷ್ಟೆಲ್ಲ ಚಿತ್ತಾರ ಬೇಕೇ ಎಂದು ಕೇಳುವುದು ಸಹಜ. ನನ್ನ ವಾದ ಇಷ್ಟು: ಚಿತ್ತಾರ ಶೋಕಿಗಾಗಿ ಹುಟ್ಟಿದ್ದಲ್ಲ. ದಿಮ್ಮಿ ಬಿರಿಯುತ್ತದೆ, ಅಷ್ಟು ದಪ್ಪದ ದಿಮ್ಮಿ ಎಲ್ಲರಿಗೂ ಸಿಗುವುದೂ ಇಲ್ಲ. ಈ ಎರಡು ಕಷ್ಟಗಳಿಗೆ ಬಡಗಿಗಳು ಕಂಡುಕೊಂಡ ಉಪಾಯ ಹೊರಗಣ್ಣಿಗೆ ಚಿತ್ತಾರವಾಗಿ ಕಾಣುತ್ತದೆ. ಆ ಉಪಾಯದ ಲೆಕ್ಕವನ್ನು ಮರೆತು ಬರೀ ಚಂದಕ್ಕೆ ಮಾಡಿದ ಬೋರ್ಡು ಶೋಕಿಯೇ ಸರಿ, ಮತ್ತು ಅಂಥವೂ ಮಾರಾಟಕ್ಕಿವೆ.

ಮೊದಲು ಕೊರಡಿನ ಗುಣ ಎಲ್ಲಿದೆ ಎಂದು ನೋಡಬೇಕು. ಮರವೆಂದರೆ ನೀಳ ಎಳೆಗಳ ಕಟ್ಟು. ಕಾಂಡವನ್ನು ಉದ್ದಕ್ಕೆ ಸೀಳಿ ಹಲಗೆ ಮಾಡಿದಾಗ ಎಳೆಗಳು ಮಲಗಿರುತ್ತವೆ. ಚಾಕು ಪ್ರತಿ ಸಲವೂ ಅವನ್ನು ಅಡ್ಡಕ್ಕೆ ಕಡಿಯುತ್ತದೆ. ಕಡಿದದ್ದು ಮತ್ತೆ ಕೂಡದು. ಗೀರು ಬೀಳುತ್ತದೆ, ಗೀರುಗಳು ಒತ್ತೊತ್ತಾದಾಗ ಸಿಬಿರು ಏಳುತ್ತದೆ. ಅಡ್ಡ ಕೊಯ್ದ ಮುಖದಲ್ಲಿ ಎಳೆಗಳ ತುದಿಗಳು ಮೇಲ್ಮುಖವಾಗಿ ನಿಂತಿರುತ್ತವೆ. ತೆಂಗಿನ ಕಡ್ಡಿಯ ಪೊರಕೆಯನ್ನು ತಲೆಕೆಳಗಾಗಿ ಹಿಡಿದು ಚಾಕು ಇಳಿಸಿದರೆ ಕಡ್ಡಿಗಳು ಸರಿದು ಜಾಗ ಬಿಡುತ್ತವಲ್ಲ, ಇಲ್ಲಿ ಆಗುವುದೂ ಅದೇ. ಅಲಗು ಎಳೆಗಳ ನಡುವೆ ಇಳಿಯುತ್ತದೆ, ಹಾಗಾಗಿ ಅಲಗಿಗೂ ಪೆಟ್ಟು ಕಡಿಮೆ, ಮರಕ್ಕೂ ಪೆಟ್ಟು ಕಡಿಮೆ. ಇದನ್ನೇ ಮಾರುವವರು ‘ಗಾಯ ತಾನಾಗಿ ಮಾಯುವ ಬೋರ್ಡು’ ಎಂದು ಹೊಗಳುತ್ತಾರೆ. ಸತ್ತ ಮರ ಮಾಯುವುದಿಲ್ಲ. ಸರಿದ ಎಳೆಗಳು ನೀರು ತಾಗಿ ಉಬ್ಬಿದಾಗ ಗೀರು ಮುಚ್ಚಿದಂತೆ ಕಾಣುತ್ತದೆ, ಅಷ್ಟೆ. ಹುಣಸೆಗೆ ಇದರ ಮೇಲೆ ಇನ್ನೊಂದು ಗುಣವಿದೆ. ಅದರ ಎಳೆಗಳು ಒಂದು ಪದರದಲ್ಲಿ ಎಡಕ್ಕೆ, ಮುಂದಿನ ಪದರದಲ್ಲಿ ಬಲಕ್ಕೆ ವಾಲಿ ಹೆಣೆದುಕೊಂಡಿರುತ್ತವೆ. ಹುಣಸೆ ಸೌದೆ ಸೀಳಲು ಹೋದವರು ಬೆವರು ಸುರಿಸುವುದಕ್ಕೂ, ಅದೇ ಹುಣಸೆ ಮಟನ್ ಕತ್ತಿಯ ಏಟಿಗೆ ವರ್ಷಗಟ್ಟಲೆ ಸೀಳದೆ ನಿಲ್ಲುವುದಕ್ಕೂ ಕಾರಣ ಒಂದೇ. ಥಾಯ್ಲೆಂಡಿನ ಅಡುಗೆಮನೆಗಳಲ್ಲೂ ಹುಣಸೆಯ ದುಂಡು ಬಿಲ್ಲೆಯೇ ಹೆಸರಾದ ಕೊಚ್ಚುಮಣೆ. ಹುಣಸೆ ವಿರಳವಾದ ಅಮೆರಿಕದಲ್ಲಿ ಕಸಾಯಿಗಳು ಇದೇ ಹೆಣೆದ ಎಳೆಯ ಗುಣಕ್ಕಾಗಿ ಸಿಕಮೋರ್ ಎಂಬ ಮರದ ಕಾಂಡ ಹುಡುಕುತ್ತಿದ್ದರು. ಒಬ್ಬರನ್ನೊಬ್ಬರು ನೋಡದ ಜನ ಒಂದೇ ಉತ್ತರಕ್ಕೆ ಬಂದಿದ್ದಾರೆ ಎಂದರೆ, ಅದು ರೂಢಿಯ ಜಡತೆಯಲ್ಲ, ಮರದ ಗುಣವೇ ಕಲಿಸಿದ ಪಾಠ.

ಹಾಗಾದರೆ ದಿಮ್ಮಿಯಿಂದ 4 ಸೆಂಟಿಮೀಟರ್ ದಪ್ಪದ ಒಂದು ಬಿಲ್ಲೆ ಕೊಯ್ದು ಮನೆಗೆ ಒಯ್ದರೆ ಮುಗಿಯಲಿಲ್ಲವೇ? ಮುಗಿಯುವುದಿಲ್ಲ. ಹಸಿ ಮರ ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ಎಳೆಯುದ್ದಕ್ಕೆ ಕುಗ್ಗುವುದು ಶೇಕಡಾ 0.1ರಿಂದ 0.2ರಷ್ಟು, ಲೆಕ್ಕಕ್ಕಿಲ್ಲದಷ್ಟು. ತಿರುಳಿನಿಂದ ತೊಗಟೆಯ ಕಡೆಗೆ ಅಳೆದರೆ ತೇಗದಲ್ಲಿ ಶೇಕಡಾ 2.5, ಉಂಗುರಗಳ ಸುತ್ತಳತೆಯ ದಿಕ್ಕಿನಲ್ಲಿ ಶೇಕಡಾ 5.8. ಒಳ್ಳೆಯ ನಡತೆಯ ಮರವೆಂದು ಲೋಕವೆಲ್ಲ ಒಪ್ಪಿದ ತೇಗದ ಪಾಡೇ ಇದು; ಇತರ ಎಷ್ಟೋ ಮರಗಳಲ್ಲಿ ಎರಡು ಅಂಕಿಗಳೂ ದೊಡ್ಡವು. ಸುತ್ತಳತೆ ಹೆಚ್ಚು ಕುಗ್ಗಿ ಅಡ್ಡಳತೆ ಕಡಿಮೆ ಕುಗ್ಗಿದರೆ ದುಂಡು ಬಿಲ್ಲೆ ಎಲ್ಲಾದರೂ ಒಂದು ಕಡೆ ಬಾಯಿ ಬಿಡಲೇಬೇಕು. ತಿರುಳಿನಿಂದ ತೊಗಟೆಯವರೆಗೆ ಅಗಲವಾಗುತ್ತಾ ಹೋಗುವ ಆ ಸೀಳನ್ನು ಸೌದೆ ಡಿಪೋದ ಯಾವ ಬೊಡ್ಡೆಯಲ್ಲಾದರೂ ಕಾಣಬಹುದು. ಮಾರುಕಟ್ಟೆಯ ಕೊರಡು ಉಳಿದುಕೊಳ್ಳುವುದು ಅದರ ದಪ್ಪದಿಂದ, ಸುತ್ತ ಬಿಗಿಯುವ ಕಬ್ಬಿಣದ ಪಟ್ಟಿಯಿಂದ, ಎಲ್ಲಕ್ಕಿಂತ ಹೆಚ್ಚಾಗಿ ಅದು ಪೂರ್ತಿ ಒಣಗುವುದೇ ಇಲ್ಲ ಎಂಬುದರಿಂದ: ದಿನವೂ ನೀರು, ದಿನವೂ ಕೊಬ್ಬು. ಮನೆಯ ತೆಳು ಬಿಲ್ಲೆಗೆ ಈ ಭಾಗ್ಯವಿಲ್ಲ. ಅಡ್ಡ ಕೊಯ್ದ ಮುಖ ಹಲಗೆಯ ಮುಖಕ್ಕಿಂತ ಹಲವು ಪಟ್ಟು ಬೇಗ ನೀರು ಕುಡಿದು ಹಲವು ಪಟ್ಟು ಬೇಗ ಬಿಡುತ್ತದೆ. ಮಾರ್ಚಿನ ಬೆಂಗಳೂರಿನ ಒಣ ಮಧ್ಯಾಹ್ನಗಳಲ್ಲಿ, ಅದೂ ಗ್ಯಾಸ್ ಒಲೆಯ ಪಕ್ಕದಲ್ಲಿ, ಇಡೀ ಬಿಲ್ಲೆ ಬಿರಿಯದೆ ಉಳಿದರೆ ಅದೃಷ್ಟ.

ತುಂಡು ಮಾಡಿ ಕೂಡಿಸುವ ಉಪಾಯ ಬರುವುದು ಇಲ್ಲಿ. ಉಂಗುರದ ವೃತ್ತವನ್ನೇ ಕೊಯ್ದು ಚೌಕಗಳಾಗಿ ಮಾಡಿಬಿಟ್ಟರೆ ಯಾವ ತುಂಡಿನಲ್ಲೂ ಪೂರ್ತಿ ಸುತ್ತು ಉಳಿಯುವುದಿಲ್ಲ. ಪ್ರತಿ ತುಂಡೂ ತನ್ನ ಪಾಡಿಗೆ ಒಣಗಿ ಕುಗ್ಗಿಕೊಳ್ಳುತ್ತದೆ. ಒಣಗಿ ನಿಂತ ಮೇಲೆ ಅವನ್ನು ಜೋಡಿಸಿದರೆ ಬಿರುಕಿಗೆ ಬೇಕಾದ ಎಳೆದಾಟವೇ ಇರದು. ಅಮೆರಿಕದ ಮಾಂಸದಂಗಡಿಗಳಲ್ಲಿ ಸಿಕಮೋರ್ ದಿಮ್ಮಿಯ ಜಾಗಕ್ಕೆ ಮೇಪಲ್ ತುಂಡುಗಳನ್ನು ನಿಲ್ಲಿಸಿ ಅಂಟಿಸಿದ ದೊಡ್ಡ ಬ್ಲಾಕುಗಳು ಬಂದದ್ದು ಹೀಗೆ. ಇಲಿನಾಯ್ಸ್ ರಾಜ್ಯದಲ್ಲಿ 1887ರಲ್ಲಿ ಆರಂಭವಾದ ಜಾನ್ ಬೂಸ್ ಕಂಪನಿ ಇಂದಿಗೂ ಅವನ್ನು ಮಾಡುತ್ತಿದೆ. ಅವುಗಳಲ್ಲಿ ಚಿತ್ತಾರದ ಹಂಬಲವಿರಲಿಲ್ಲ, ಎಲ್ಲ ತುಂಡೂ ಒಂದೇ ಮರ. ಎರಡು ಬಣ್ಣದ ಮರ ಸೇರಿದ ಮೇಲೆ ಜೋಡಣೆಯ ಗೆರೆಗಳೇ ಚಿತ್ರವಾದವು. ಮಾಡುವ ಕ್ರಮ ಕೇಳಿದಷ್ಟು ಗಹನವಲ್ಲ. ಚೆನ್ನಾಗಿ ಒಣಗಿದ ಮರವನ್ನು 4 ಸೆಂಟಿಮೀಟರ್ ಚಚ್ಚೌಕದ ಪಟ್ಟಿಗಳಾಗಿ ಸೀಳಿ, ಒಂದು ಕಪ್ಪು ಒಂದು ಬಿಳಿ ಎಂದು ಸಾಲಾಗಿಟ್ಟು, ಅಂಟು ಹಚ್ಚಿ ಕ್ಲಾಂಪ್ ಬಿಗಿದು ಹಲಗೆ ಮಾಡುತ್ತಾರೆ. ಆ ಹಲಗೆಯನ್ನು ಅಡ್ಡಕ್ಕೆ ಕೊಯ್ದು ಸಾಲುಗಳಾಗಿ ಬಿಡಿಸಿ, ಪ್ರತಿ ಸಾಲನ್ನೂ ಎಳೆಯ ತುದಿ ಮೇಲೆ ಬರುವಂತೆ ಮಗುಚಿ, ಒಂದು ಬಿಟ್ಟು ಒಂದನ್ನು ಹಿಂದುಮುಂದಾಗಿಸಿ ಮತ್ತೆ ಅಂಟಿಸುತ್ತಾರೆ. ಚದುರಂಗದ ಹಾಸು ಸಿದ್ಧ. ಗರಗಸದ ಅಲಗು ಪ್ರತಿ ಕೊಯ್ತಕ್ಕೆ ಸುಮಾರು 3 ಮಿಲಿಮೀಟರ್ ಮರವನ್ನು ಹೊಟ್ಟು ಮಾಡುತ್ತದೆ. 4 ಸೆಂಟಿಮೀಟರ್ ದಪ್ಪದ ಬೋರ್ಡಿಗೆ ಎರಡನೆಯ ಸುತ್ತಿನ ಕೊಯ್ತದಲ್ಲೇ ನೂರಕ್ಕೆ ಏಳು ಪಾಲು ಹೋಯಿತು. ಮಟ್ಟ ಮಾಡುವುದು ಇನ್ನೊಂದು ತಲೆನೋವು. ನಿಂತ ಎಳೆಗೆ ತೋಪಡ ಹೊಡೆದರೆ ಅಂಚಿನ ಎಳೆ ಕಿತ್ತು ಬರುತ್ತದೆ, ಪ್ಲೇನರ್ ಯಂತ್ರಕ್ಕೆ ಕೊಟ್ಟರೆ ಬೋರ್ಡೇ ಸಿಡಿಯುವ ಅಪಾಯವಿದೆ. ಮರ ಕೆತ್ತುವ ರೂಟರ್ ಯಂತ್ರವನ್ನು ಜಾರುಪಟ್ಟಿಯ ಮೇಲೆ ಓಡಿಸಿ, ಆಮೇಲೆ ಗಂಟೆಗಟ್ಟಲೆ ಉಪ್ಪುಕಾಗದ ಉಜ್ಜಬೇಕು. ಬೆಲೆಯ ಬಹುಪಾಲು ಈ ಉಜ್ಜುವ ಕೂಲಿ.

ನಿಂತ ಎಳೆಯನ್ನು ಅಂಟಿಸಿದರೆ ಜೋಡಣೆ ಗಟ್ಟಿಯಾಗುವುದಿಲ್ಲ ಎಂಬ ಮಾತು ಬಡಗಿಗಳಲ್ಲೇ ಕೇಳಿಬರುತ್ತದೆ. ಎಳೆಯ ತುದಿಗೆ ತುದಿ ಅಂಟಿಸಿದಾಗ ಆ ಮಾತು ನಿಜ, ಎಳೆಯ ಕೊಳವೆಗಳು ಅಂಟನ್ನೇ ಹೀರಿಬಿಡುತ್ತವೆ. ಆದರೆ ಈ ಬೋರ್ಡಿನಲ್ಲಿ ತುದಿಗೆ ತುದಿ ಎಲ್ಲೂ ಸೇರುವುದೇ ಇಲ್ಲ. ತುದಿಗಳೆಲ್ಲ ಮೇಲಕ್ಕೂ ಕೆಳಕ್ಕೂ ಇವೆ. ಅಂಟು ಬೀಳುವುದು ಪಕ್ಕೆಗಳಿಗೆ, ಅಂದರೆ ಅಂಟು ಅತಿ ಚೆನ್ನಾಗಿ ಹಿಡಿಯುವ ಮುಖಗಳಿಗೆ. ಬೋರ್ಡು ಬಿಟ್ಟುಕೊಂಡರೆ ದೋಷ ಹುಡುಕಬೇಕಾದ್ದು ಬೇರೆ ಮೂರು ಕಡೆ: ಮರ ಒಣಗಿರಲಿಲ್ಲ, ನೀರಿಗೆ ತಡೆಯದ ಅಂಟು ಬಳಸಿದ್ದರು, ಅಥವಾ ಚಿತ್ತಾರವೇ ಮರದ ಚಲನೆಗೆ ಅಡ್ಡ ಬಂತು.

ಮೂರನೆಯದೇ ಹೆಚ್ಚು ಸಾಮಾನ್ಯ, ಮತ್ತು ಕಡಿಮೆ ಜನ ಗಮನಿಸುವಂಥದ್ದು. ಒಣಗಿದ ಮರವೂ ಗಾಳಿಯ ತೇವಕ್ಕೆ ತಕ್ಕಂತೆ ಉಬ್ಬುತ್ತಾ ಕುಗ್ಗುತ್ತಾ ಇರುತ್ತದೆ. ಬೇಸಿಗೆಗೂ ಮಳೆಗಾಲಕ್ಕೂ ನಡುವೆ ತೇಗದ ತೇವಾಂಶ ನಾಲ್ಕು ಅಂಶ ಏರಿತೆನ್ನಿ. 40 ಸೆಂಟಿಮೀಟರ್ ಅಗಲದ ಬೋರ್ಡು ಸುತ್ತಳತೆಯ ದಿಕ್ಕಿನಲ್ಲಿ ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ. ನಿಂತ ಎಳೆಯ ಬೋರ್ಡು ಉದ್ದಕ್ಕೂ ಅಗಲಕ್ಕೂ ಎರಡಕ್ಕೂ ಹೀಗೆ ಹಿಗ್ಗುತ್ತದೆ, ದಪ್ಪಕ್ಕೆ ಮಾತ್ರ ಹಿಗ್ಗುವುದಿಲ್ಲ. ಈಗ ಅದರ ಸುತ್ತ ಚಂದಕ್ಕೆಂದು ಫೋಟೋ ಚೌಕಟ್ಟಿನಂತೆ ಉದ್ದ ಎಳೆಯ ಪಟ್ಟಿ ಅಂಟಿಸಿದರೆ? ಪಟ್ಟಿ ತನ್ನ ಉದ್ದಕ್ಕೆ ಹಿಗ್ಗುವುದೇ ಇಲ್ಲ. ಒಳಗಿನದು ತಳ್ಳುತ್ತದೆ, ಹೊರಗಿನದು ಬಿಡುವುದಿಲ್ಲ. ಮೊದಲ ಮಳೆಗಾಲದಲ್ಲಿ ಮೂಲೆ ಬಾಯಿ ಬಿಡುತ್ತದೆ, ಮುಂದಿನ ಬೇಸಿಗೆಯಲ್ಲಿ ನಡುವೆ ಸೀಳುತ್ತದೆ. ನಿಂತ ಎಳೆಯ ಚೌಕಗಳ ನಡುವೆ ಮಲಗಿದ ಎಳೆಯ ತೆಳು ಗೆರೆಗಳನ್ನು ಉದ್ದಕ್ಕೆ ಹಾಯಿಸುವ ವಿನ್ಯಾಸಗಳೂ ಇದೇ ತಪ್ಪು ಮಾಡುತ್ತವೆ. ನೋಡಲು ಅವೇ ಹೆಚ್ಚು ಬೆಡಗಿನವು ಎಂಬುದು ದುರದೃಷ್ಟ.

ಮರಗಳ ಆಯ್ಕೆಯಲ್ಲಿ ನಮ್ಮ ನಾಡಿಗೆ ಒಂದು ಅನುಕೂಲವಿದೆ. ಬೀಟೆಯ ಕುಗ್ಗುವಿಕೆ ಶೇಕಡಾ 2.7 ಮತ್ತು 5.8, ತೇಗದ್ದು 2.5 ಮತ್ತು 5.8. ಹೆಚ್ಚುಕಮ್ಮಿ ಒಂದೇ. ಕಪ್ಪು ಬೀಟೆಯ ಪಕ್ಕ ಹೊಂಬಣ್ಣದ ತೇಗವನ್ನಿಡುವ ಆಸೆ ನಮ್ಮ ಬಡಗಿಗಳಿಗೆ ಸಹಜವಾದದ್ದು, ಆ ಜೋಡಿ ಒಟ್ಟಿಗೆ ಉಸಿರಾಡುವ ಜೋಡಿಯೂ ಹೌದು. ಬಣ್ಣಬಣ್ಣದ ಮರದ ತುಣುಕುಗಳನ್ನು ಬೀಟೆಯೊಳಗೆ ಕೂರಿಸುವ ಮೈಸೂರಿನ ಕುಸುರಿ ಕೆಲಸ ನೋಡಿದವರಿಗೆ, ಮರದಿಂದ ಚಿತ್ರ ಬರೆಯುವ ಕೈ ಇಲ್ಲಿ ಹೊಸದಲ್ಲ ಎಂದು ಹೇಳಬೇಕಾಗಿಲ್ಲ. ಆದರೆ ಅಲ್ಲಿ ಚಿತ್ರ ಮೈಮೇಲಿನ ತೆಳು ಪದರ, ಗೋಡೆಯಲ್ಲಿ ತೂಗಲು. ಇಲ್ಲಿ ಅದು ಆರಪಾರ ಇಳಿದಿರಬೇಕು, ಉಜ್ಜಿದಷ್ಟೂ ಅದೇ ಚಿತ್ರ ಬರಬೇಕು. ತೇಗ-ಬೀಟೆಯ ಜೋಡಿಗೂ ಕೊರತೆಗಳಿವೆ. ಗಡಸುತನ ಅಳೆಯುವ ಜಾಂಕಾ ಪರೀಕ್ಷೆಯಲ್ಲಿ ಬೀಟೆ ತೇಗಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಗಟ್ಟಿ. ವರ್ಷಗಳ ಬಳಕೆಯಲ್ಲಿ ತೇಗದ ಮನೆಗಳು ತಗ್ಗಿ ಬೀಟೆಯ ಮನೆಗಳು ಉಬ್ಬಿದಂತಾಗುತ್ತವೆ. ತೇಗದೊಳಗಿನ ಮರಳಿನಂಥ ಸಿಲಿಕಾ ಉಳಿಯನ್ನೂ ಚಾಕುವನ್ನೂ ಮೊಂಡು ಮಾಡುತ್ತದೆ, ಅದರ ಎಣ್ಣೆಯಂಶವನ್ನು ಒರೆಸದೆ ಅಂಟು ಹಚ್ಚಿದರೆ ಹಿಡಿಯುವುದಿಲ್ಲ. ಬೀಟೆಯಂತೂ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿ ಬೇಕಾಗುವ ಸೈಟಿಸ್ ಪಟ್ಟಿಯಲ್ಲಿರುವ ಮರ. ಕಟಿಂಗ್ ಬೋರ್ಡಿಗೆಂದು ಬೀಟೆಯ ದಿಮ್ಮಿ ಕೊಯ್ಯುವುದು ಅವಿವೇಕ. ಬಾಗಿಲು, ಮಂಚ, ಕುಸುರಿ ಹಲಗೆ ಮಾಡಿ ಉಳಿದ ಗೇಣುದ್ದದ ತುಂಡುಗಳಿಂದ ಮಾಡಿದರೆ ಮಾತು ಬೇರೆ. ಇಡೀ ಕೊರಡಿಗೆ ಹಲವು ದಶಕ ಬೆಳೆದ ಒಂದು ಮರ ಬೇಕು, ಚಿತ್ತಾರದ ಬೋರ್ಡಿಗೆ ಬಡಗಿಯ ಕಾಲಡಿ ಬಿದ್ದ ತುಂಡುಗಳು ಸಾಕು. ಈ ಬೋರ್ಡಿನ ಪರವಾಗಿ ನಾನು ಕಾಣುವ ಅತಿ ಬಲವಾದ ವಾದ ಅದು. ಅಂಗಡಿಯ ಜಾಹೀರಾತುಗಳಲ್ಲಿ ಅದರ ಸುಳಿವೇ ಇರುವುದಿಲ್ಲ.

ಇನ್ನು ಶುಚಿತ್ವದ ಆಕ್ಷೇಪ. ಮರ ರಕ್ತ ಹೀರುತ್ತದೆ, ರೋಗಾಣು ಒಳಗೆ ಕೂರುತ್ತದೆ, ಬಿಳಿ ಪ್ಲಾಸ್ಟಿಕ್ಕೇ ಮೇಲು ಎನ್ನುವವರು ಬಹಳ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಡೀನ್ ಕ್ಲೈವರ್ ಮತ್ತು ಸಂಗಡಿಗರು ಕೆಲಸ ಶುರುಮಾಡಿದ್ದೂ ಇದೇ ನಂಬಿಕೆಯಿಂದ. ಮರವನ್ನು ಪ್ಲಾಸ್ಟಿಕ್ಕಿನಷ್ಟು ಸುರಕ್ಷಿತ ಮಾಡುವ ದಾರಿ ಹುಡುಕುವುದು ಅವರ ಉದ್ದೇಶವಾಗಿತ್ತು. 1994ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ತಿರುಗುಮುರುಗಾಗಿತ್ತು. ಹೊಸ ಪ್ಲಾಸ್ಟಿಕ್ಕನ್ನು ತೊಳೆಯುವುದು ಸುಲಭ, ನಿಜ. ಚಾಕುವಿನ ಗೀರು ತುಂಬಿದ ಹಳೆಯ ಪ್ಲಾಸ್ಟಿಕ್ಕಿನಲ್ಲಿ, ಅದರಲ್ಲೂ ಕೋಳಿಯ ಕೊಬ್ಬು ಮೆತ್ತಿದಾಗ, ಬ್ಯಾಕ್ಟೀರಿಯಾ ತೊಳೆದರೂ ಹೋಗದು. ಮರದ ಮೇಲೆ ಬಿದ್ದವು ಬೇಗನೆ ಒಳಗಿಳಿದು, ಮೇಲ್ಮೈಯಲ್ಲಿ ಸಿಗದೆ, ಒಳಗೇ ಕ್ರಮೇಣ ಸತ್ತವು. ಒಳಗಿಳಿದವು ಕೆಲಕಾಲ ಬದುಕಿರುತ್ತವಲ್ಲ ಎಂಬ ಮರುಪ್ರಶ್ನೆ ಬಂತು, ಅದು ಸರಿಯಾದ ಪ್ರಶ್ನೆಯೇ. ಉತ್ತರವಿರುವುದು ಒಣಗುವಿಕೆಯಲ್ಲಿ: ನೀರು ಹೀರಿಕೊಳ್ಳುವ ಮರ ರೋಗಾಣುವಿಗೆ ನೀರು ಉಳಿಸುವುದಿಲ್ಲ, ಆದರೆ ಒಣಗಲು ಬಿಟ್ಟರೆ ಮಾತ್ರ. ಹಗಲಿರುಳೂ ನೆಂದ ಮರದ ಪರವಾಗಿ ಯಾರೂ ವಾದಿಸಲಾರರು, ನಾನೂ ವಾದಿಸುವುದಿಲ್ಲ. ಪ್ಲಾಸ್ಟಿಕ್ಕಿನ ಇನ್ನೊಂದು ಮುಖ ಈಚೆಗೆ ಕಂಡಿದೆ. 2023ರಲ್ಲಿ ಅಮೆರಿಕದ ನಾರ್ತ್ ಡಕೋಟದ ಸಂಶೋಧಕರು ಪಾಲಿಎಥಿಲೀನ್ ಬೋರ್ಡಿನಿಂದ ಒಬ್ಬರ ಪಾಲಿಗೆ ವರ್ಷಕ್ಕೆ 7.4ರಿಂದ 50.7 ಗ್ರಾಂವರೆಗೆ ಪ್ಲಾಸ್ಟಿಕ್ ಕಣ ಬೀಳಬಹುದೆಂದು ಅಂದಾಜಿಸಿದರು. ಅದರ ಅಪಾಯವೆಷ್ಟೆಂಬುದು ಇನ್ನೂ ಚರ್ಚೆಯಲ್ಲಿದೆ, ಅಂದಾಜಿನ ಹರವೂ ದೊಡ್ಡದು. ಪ್ಲಾಸ್ಟಿಕ್ ಬೋರ್ಡು ಏನನ್ನೂ ಬಿಟ್ಟುಕೊಡದ ಶುದ್ಧ ವಸ್ತುವಲ್ಲ ಎಂಬಷ್ಟಕ್ಕೆ ಅದು ಸಾಕು.

ಕಾನೂನು ಕೂಡ ಜನ ಊಹಿಸಿದಷ್ಟು ಮರದ ವಿರೋಧಿಯಲ್ಲ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2011ರ ನಿಯಮಗಳ 4ನೇ ಅನುಸೂಚಿ, ಚಿಲ್ಲರೆ ಮಾಂಸದಂಗಡಿಯ ಕೊರಡು ಆಹಾರಯೋಗ್ಯ ಸಿಂಥೆಟಿಕ್ ವಸ್ತುವಿನದಾಗಿರಲಿ ಎನ್ನುತ್ತದೆ. ಮರದ್ದಾದರೆ ಗಟ್ಟಿ ಜಾತಿಯ, ಮಾಂಸವನ್ನು ಕೆಡಿಸದ ಕಾಂಡವಾಗಿರಬೇಕು ಎನ್ನುತ್ತದೆ. ವ್ಯಾಪಾರ ಮುಗಿದ ಮೇಲೆ ಕೊರಡಿನ ಮೇಲೆ ಉಪ್ಪು ಹರಡಬೇಕೆಂಬ ಮಾತೂ ಅದರಲ್ಲಿದೆ. ಉಪ್ಪು ನೀರನ್ನು ಎಳೆದುಕೊಳ್ಳುತ್ತದೆ, ಅಂದರೆ ಮತ್ತೆ ಒಣಗಿಸುವ ಮಾತೇ. ಅಮೆರಿಕದ ಆಹಾರ ಸಂಹಿತೆ ಮರವನ್ನು ಸಾಮಾನ್ಯವಾಗಿ ದೂರವಿಟ್ಟರೂ ಗಟ್ಟಿ ಮೇಪಲ್ ಅಥವಾ ಅಷ್ಟೇ ಗಟ್ಟಿಯಾದ, ಒತ್ತಾದ ಎಳೆಯ ಮರಕ್ಕೆ ಕಟಿಂಗ್ ಬೋರ್ಡಿನ ಮಟ್ಟಿಗೆ ವಿನಾಯಿತಿ ಕೊಡುತ್ತದೆ. ಕೊರಡಿನ ನಿಜವಾದ ಕೇಡು ಎಲ್ಲಿದೆಯೆಂದರೆ ಅದು ನಡುವೆ ತಗ್ಗಿ ಬಟ್ಟಲಾಗುವುದರಲ್ಲಿ. ಬಟ್ಟಲಿನಲ್ಲಿ ನೀರು ನಿಲ್ಲುತ್ತದೆ, ಬಿಳಿ ಹೊರಮರಕ್ಕೆ ಕುಟ್ಟೆಹುಳ ಬೀಳುತ್ತದೆ. ಆಗಾಗ ಮೇಲಿನ ಬೆರಳುದ್ದವನ್ನು ಕೊಯ್ದು ತೆಗೆಸಿದರೆ ಹೊಸ ಮುಖ ಸಿಗುತ್ತದೆ. ಹಾಗೆ ಮಾಡದವರು ಮರಕ್ಕೆ ಕೆಟ್ಟ ಹೆಸರು ತರುತ್ತಾರೆ.

ಅಂಟೂ ಪ್ಲಾಸ್ಟಿಕ್ಕೇ ಅಲ್ಲವೇ ಎಂದು ಚಿತ್ತಾರದ ಬೋರ್ಡನ್ನು ಕೆಣಕಬಹುದು. ಹೌದು. ಆದರೆ 4 ಸೆಂಟಿಮೀಟರಿನ ಚೌಕಗಳ ನಡುವೆ ಚೆನ್ನಾಗಿ ಬಿಗಿದ ಅಂಟಿನ ಗೆರೆ 0.1 ಮಿಲಿಮೀಟರ್ ಎಂದುಕೊಂಡರೂ ಮೇಲ್ಮೈಯ ಇನ್ನೂರರಲ್ಲಿ ಒಂದು ಪಾಲು ಮಾತ್ರ ಅಂಟು. ನೀರು ತಡೆಯುವ ಶಕ್ತಿಗೆ ಯೂರೋಪಿನ ಇಎನ್ 204 ಮಾನದಂಡ ಡಿ1ರಿಂದ ಡಿ4ರವರೆಗೆ ದರ್ಜೆ ಹಾಕಿದೆ. ಡಿ3ಕ್ಕಿಂತ ಕೆಳಗಿನದು ಅಡುಗೆಮನೆಗಲ್ಲ. ಎಣ್ಣೆಯ ವಿಷಯದಲ್ಲಿ ಮಾತ್ರ ನಮ್ಮ ಮನೆಗಳಲ್ಲಿ ಒಂದು ಅಭ್ಯಾಸ ಬಿಡಬೇಕು: ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ ಸವರುವುದು. ಕಡಲೆಕಾಯಿ ಎಣ್ಣೆ ಮರದೊಳಗೆ ಕಮಟು ಹಿಡಿಯುತ್ತದೆ, ಕೊಬ್ಬರಿ ಎಣ್ಣೆಯೂ ಬಹುಕಾಲ ಉಳಿಯುವುದಿಲ್ಲ. ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಫಿನ್ ಕಮಟುವುದಿಲ್ಲ. ಅದಕ್ಕೆ ಜೇನುಮೇಣ ಕರಗಿಸಿ ಹಚ್ಚಿದರೆ ಇನ್ನೂ ಒಳ್ಳೆಯದು. ಎರಡೂ ಕಡೆ ಸಮನಾಗಿ ಹಚ್ಚಬೇಕು, ಒಂದೇ ಕಡೆ ಹಚ್ಚಿದರೆ ಬೋರ್ಡು ಸೊಟ್ಟಗಾಗುತ್ತದೆ.

ಇದಕ್ಕಿಂತ ಗಂಭೀರ ಆಕ್ಷೇಪ ಬೇರೆ ಇದೆ. ಕನ್ನಡದ ಅಡುಗೆಮನೆಗೆ ಈ ಬೋರ್ಡೇ ಬೇಕಿರಲಿಲ್ಲ. ಈಳಿಗೆಮಣೆಯಲ್ಲಿ ಅಲಗು ನಿಂತಿರುತ್ತದೆ, ತರಕಾರಿ ಅದರ ಹತ್ತಿರ ಹೋಗುತ್ತದೆ, ಕೆಳಗೆ ಏಟು ತಿನ್ನುವ ಹಲಗೆಯ ಪ್ರಶ್ನೆಯೇ ಇಲ್ಲ. ನೆಲ ಬಿಟ್ಟು ಕಟ್ಟೆಯ ಮುಂದೆ ನಿಂತು ಅಡುಗೆ ಮಾಡುವ ರೂಢಿ ಬಂದ ಮೇಲೆ ಚಾಕು ಬಂತು, ಚಾಕುವಿನ ಹಿಂದೆ ಬೋರ್ಡು. ತರಕಾರಿಯಷ್ಟನ್ನೇ ಹೆಚ್ಚುವ ಮನೆಗೆ ನಿಂತ ಎಳೆಯ ಬೋರ್ಡು ಅನಿವಾರ್ಯವೂ ಅಲ್ಲ. ಜಪಾನಿನವರು ಜಗತ್ತಿನ ಅತಿ ಹರಿತ ಚಾಕುಗಳನ್ನು ಹಿನೋಕಿಯಂಥ ಮೆದು ಮರದ ಮಲಗಿದ ಎಳೆಯ ಹಲಗೆಯ ಮೇಲೇ ಬಳಸುತ್ತಾರೆ. ಅಲ್ಲಿ ಮರದ ಮೆದುತನವೇ ಅಲಗನ್ನು ಕಾಯುತ್ತದೆ. ಹಾಗಾಗಿ ಬೀನ್ಸ್, ಟೊಮೆಟೊ, ಕೊತ್ತಂಬರಿಗೆ ಒಂದು ಸಾದಾ ಹಲಸಿನ ಅಥವಾ ಮಾವಿನ ಹಲಗೆ ಧಾರಾಳ ಸಾಕು ಎಂದು ಒಪ್ಪುತ್ತೇನೆ. ಮೂಳೆಯಿರುವ ಮಾಂಸ, ಮೀನು, ಕುಂಬಳ, ಸುವರ್ಣಗೆಡ್ಡೆ ದಿನವೂ ಬರುವ ಮನೆಯಲ್ಲಿ, ಹತ್ತಾರು ಜನಕ್ಕೆ ಬೇಯಿಸುವ ಮೆಸ್ಸಿನಲ್ಲಿ ನಿಂತ ಎಳೆಯ ಬೆಲೆ ಗೊತ್ತಾಗುತ್ತದೆ. ಮೂಳೆ ಕಡಿಯುವ ಭಾರದ ಕತ್ತಿಗೆ ಅಂಟಿಸಿದ ತೆಳು ಬೋರ್ಡು ಆಗದು; ಅದಕ್ಕೆ ಇಡೀ ಕೊರಡೇ ಬೇಕು. ರಸೆಲ್ ಮಾರುಕಟ್ಟೆಯ ಹುಣಸೆಯನ್ನು ಹಳೇ ಕಾಲದ್ದೆಂದು ಎತ್ತಿಹಾಕಬೇಕೆನ್ನುವವರು ಈ ವ್ಯತ್ಯಾಸವನ್ನು ಗಮನಿಸಿದಂತಿಲ್ಲ.

ಮರ ಎಲ್ಲಿಂದ ತರುವುದು ಎಂಬುದಕ್ಕೆ ಬೆಂಗಳೂರಿನಲ್ಲೇ ಉತ್ತರವಿದೆ. ಕಂಟೋನ್ಮೆಂಟ್ ರಸ್ತೆಗಳ ಮಳೆಮರಗಳು ಪ್ರತಿ ಮುಂಗಾರಿನಲ್ಲಿ ಉರುಳುತ್ತವೆ. ಆ ಮರದ ಕುಗ್ಗುವಿಕೆ ಶೇಕಡಾ 2.0 ಮತ್ತು 3.4, ತೇಗಕ್ಕಿಂತಲೂ ಕಡಿಮೆ. ಅದರ ರಂಧ್ರಗಳು ದೊಡ್ಡವು, ಗಡಸುತನ ಸಾಧಾರಣ, ಹಾಗಾಗಿ ಹಸಿ ಮಾಂಸಕ್ಕೆ ಸಲ್ಲದು. ತರಕಾರಿ ಬೋರ್ಡಿಗೆ, ಬಟ್ಟಲಿಗೆ ಚೆನ್ನಾಗಿ ಸಲ್ಲುತ್ತದೆ, ಫಿಲಿಪ್ಪೀನ್ಸಿನಲ್ಲಿ ಅದರ ಬಟ್ಟಲುಗಳು ಹೆಸರುವಾಸಿ. ಮರದ ಗುಣ ಅಳೆಯುವ ಕೇಂದ್ರ ಸರ್ಕಾರದ ಸಂಸ್ಥೆ ಮಲ್ಲೇಶ್ವರದಲ್ಲೇ ಇದೆ. ಬಿದ್ದ ಮರವನ್ನು ಕೊಯ್ದು, ಒಣಗಿಸಿ, ಬಡಗಿಗಳಿಗೆ ತುಂಡಿನ ಲೆಕ್ಕದಲ್ಲಿ ಮಾರುವ ಒಂದು ಡಿಪೋವನ್ನು ನಗರಾಡಳಿತ ತೆರೆಯಬಾರದೇಕೆ?

ಕೊಳ್ಳುವವರು ಬೋರ್ಡನ್ನು ಮಗುಚಿ ನೋಡಲಿ. ಹಿಂಬದಿಯಲ್ಲೂ ಅದೇ ಚಿತ್ತಾರವಿರಬೇಕು, ಪಕ್ಕದ ಅಂಚಿನಲ್ಲಿ ಎಳೆಗಳು ಮೇಲಿನಿಂದ ಕೆಳಕ್ಕೆ ನೆಟ್ಟಗೆ ಇಳಿದಿರಬೇಕು, ಮೇಲ್ಮುಖದಲ್ಲಿ ಉಂಗುರದ ತುಣುಕುಗಳೂ ಸಣ್ಣ ರಂಧ್ರಗಳೂ ಕಾಣಬೇಕು, ಸುತ್ತ ಚೌಕಟ್ಟು ಇರಬಾರದು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಹಣ ಕೊಡಬೇಡಿ.